ಐ.ಡಿ.ಹಳ್ಳಿ ತಿರುವು: ಕಂತು ಏಳು – ಕರೀಮ್ ಸಾಬರ ಅಳತೆ

“ಪೌಡರ್ ಡಬ್ಬ ಕೊಡು, ಚಾಂದ್!” ಎಂದು ಕರೀಮ್ ಸಾಬರು ಪಿಕಪ್ಪಿನ ಅಡಿಯಿಂದಲೇ ಕೂಗಿದರು.

ಗ್ಯಾರೇಜಿನ ಹಿಂದೆಯೇ ಮನೆ. ಬಾಗಿಲ ಪರದೆ ಸರಿದು, ಬಳೆ ತೊಟ್ಟ ಕೈಯೊಂದು ಮುಖಕ್ಕೆ ಹಚ್ಚುವ ಪೌಡರಿನ ಡಬ್ಬವನ್ನು ಕಟ್ಟೆಯ ಮೇಲಿಟ್ಟು ಒಳಗೆ ಹೋಯಿತು. ಮಗನನ್ನು ಪೊಲೀಸರು ಇಟ್ಟುಕೊಂಡಾಗಿನಿಂದ ಚಾಂದ್ ಬಿ ಗಂಡನ ಜೊತೆಗೂ ಮಾತು ಬಿಟ್ಟಿದ್ದಳು.

ಎ.ಎಸ್.ಐ. ಸರೋಜಮ್ಮ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕಾಲು ಚಾಚಿ ಕೂತಿದ್ದಳು. ಮಂಡಿ ನೋಯುತ್ತಿತ್ತು. ನಿವೃತ್ತಿಗೆ ಇನ್ನು ಎಂಟು ತಿಂಗಳು. ಈ ಎಂಟು ತಿಂಗಳು ಬಂದೋಬಸ್ತು, ಪಾಸ್‌ಪೋರ್ಟ್ ವಿಚಾರಣೆ ಎಂದು ಹೇಗೋ ತಳ್ಳಿಬಿಟ್ಟರೆ ಸಾಕು ಅಂದುಕೊಂಡಿದ್ದವಳ ತಲೆಗೆ ಈ ಕೇಸು ಸುತ್ತಿಕೊಂಡಿತ್ತು.

ಮಂಗಳವಾರ ಮಧ್ಯಾಹ್ನ ಒಂದೂವರೆಗೆ ಈ ಪಿಕಪ್ ಐ.ಡಿ.ಹಳ್ಳಿ ತಿರುವು ದಾಟಿದ ಸ್ವಲ್ಪ ಹೊತ್ತಿಗೆ, ರಸ್ತೆಯ ಮೇಲಿದ್ದ ಇಂಜಿನ್ ಆಯಿಲ್‌ಗೆ ಸ್ಕೂಟರ್ ಜಾರಿ ಗ್ರಾಮ ಆಡಳಿತಾಧಿಕಾರಿ ಯಶೋಧರಾ ಸತ್ತಿದ್ದಳು. ಹಿಂದಿನ ದಿನವಷ್ಟೇ ಈ ಗಾಡಿಯ ಆಯಿಲ್ ಸೋರಿಕೆ ರಿಪೇರಿಯಾಗಿದ್ದು ಸಿರಾದ ಈ ಗ್ಯಾರೇಜಿನಲ್ಲಿ. ಗುರುವಾರ ಕರೀಮ್ ಸಾಬರ ಮಗ ಹಫೀಜ್ ಯಾರೂ ಕರೆಯದೆಯೇ ಮಧುಗಿರಿ ಠಾಣೆಗೆ ಬಂದು, “ಕೆಲಸ ಕೆಡಿಸಿದೋನು ನಾನೇ” ಎಂದು ನಿಂತಿದ್ದ.

ಯಾರೂ ಕರೆಯದೆ ಠಾಣೆಗೆ ಬರುವವರನ್ನು ಸರೋಜಮ್ಮ ಮೂವತ್ತೆರಡು ವರ್ಷಗಳ ಸರ್ವೀಸಿನಲ್ಲಿ ಬೆರಳಲ್ಲಿ ಎಣಿಸುವಷ್ಟು ಕಂಡಿದ್ದಳು. ಅವರಲ್ಲಿ ನಿಜ ಹೇಳಿದವರು ಇನ್ನೂ ಕಡಿಮೆ.

“ಇದೇನ್ ಸಾಬ್ರೇ, ಇಂಜಿನ್‌ಗೆ ಪೌಡ್ರು ಬಳಿದು ಹೆಣ್ಣು ತೋರುಸ್ತೀರೇನು?” ಎಂದ ಚೌಡಯ್ಯ. ಪಿಕಪ್ಪಿನ ಮಾಲೀಕ, ವೈ.ಎನ್.ಹೊಸಕೋಟೆಯ ಕಡಲೆಕಾಯಿ ವ್ಯಾಪಾರಿ. ಗಾಡಿ ಬಿಡುಗಡೆಗೆ ಕೋರ್ಟಿನಿಂದ ಆದೇಶ ತಂದವನೇ, ಕೆಡಿಸಿದವರ ಹತ್ತಿರವೇ ಸರಿಮಾಡಿಸಿಕೊಂಡು ಹೋಗುತ್ತೇನೆ ಎಂದು ಹಟ ಹಿಡಿದು ಬೆಳಿಗ್ಗೆಯೇ ಇಲ್ಲಿಗೆ ಎಳೆಸಿಕೊಂಡು ಬಂದಿದ್ದ. ಜೊತೆಗೆ ಸರೋಜಮ್ಮ. ‘ಏನು ಕೆಟ್ಟಿತ್ತು ಅಂತ ಬರೆದು ಎರಡು ಸಹಿ ಹಾಕಿಸಿಕೊಂಡು ಬನ್ನಿ, ಸಾಕು’ ಎಂದು ಸಬ್ ಇನ್ಸ್‌ಪೆಕ್ಟರ್ ಹೇಳಿ ಕಳಿಸಿದ್ದರು. ಶುಕ್ರವಾರವಾದ್ದರಿಂದ ಸಾಬರು ನಮಾಜು ಮುಗಿಸಿ ಬರುವ ತನಕ ಕಾಯಬೇಕಾಯಿತು.

ಮಂಗಳವಾರ ಸಂಜೆ ಬಾನೆಟ್ಟಿಗೆ ಚೀಟಿ ಅಂಟಿಸಿ ಅರಗಿನ ಮುದ್ರೆ ಒತ್ತಿದವಳು ಸರೋಜಮ್ಮನೇ. ಈಗ ಅರ್ಧ ಗಂಟೆ ಕೆಳಗೆ ಅದನ್ನು ಒಡೆದವಳೂ ಅವಳೇ. ನಡುವೆ ಯಾರ ಕೈಯೂ ಒಳಗೆ ಹೋಗಿರಲಿಲ್ಲ.

“ಆಯಿಲ್ ಭಾಳ ಸುಳ್ಳು ಹೇಳುತ್ತೆ ಚೌಡಯ್ಯನೋರೇ,” ಎಂದರು ಕರೀಮ್ ಸಾಬರು, ಎದ್ದು ಕೂತು. ಅರವತ್ತೈದು ದಾಟಿದ ತೆಳ್ಳನೆಯ ಮನುಷ್ಯ. ಗಡ್ಡ ಬೆಳ್ಳಗೆ, ಕೈ ಕಪ್ಪಗೆ. “ಸೋರೋದು ಒಂದ್ ಕಡೆ, ತೊಟ್ಟಿಕ್ಕೋದು ಇನ್ನೊಂದ್ ಕಡೆ. ಗಾಡಿ ಓಡ್ತಿದ್ರೆ ಗಾಳಿಗೆ ಹಿಂದಕ್ಕೆ ಹೋಗ್ತದೆ. ನೋಡ್ದೋರು ಹಿಂದ್ಗಡೆ ಆಯಿಲ್ ಸೀಲೇ ಹೋಗಿದೆ ಅಂತಾರೆ. ಬ್ರೇಕ್ ಇನ್ಸ್‌ಪೆಕ್ಟರ್ ಸಾಹೇಬ್ರೂ ಅಡಿಯಿಂದ ಬಗ್ಗಿ ನೋಡಿ ಅಂಗೇ ಬರ್ದವ್ರೆ. ಪೌಡರ್ ಹಾಕಿದ್ರೆ ಮೊದ್ಲು ಎಲ್ಲಿ ಒದ್ದೆ ಆಯ್ತೋ ಅದೇ ನಿಜ.”

ಇಂಜಿನ್ನನ್ನು ಆಗಲೇ ಸೀಮೆಎಣ್ಣೆಯಲ್ಲಿ ತೊಳೆದು, ಬಟ್ಟೆಯಲ್ಲಿ ಒರೆಸಿ ಒಣಗಿಸಿಯಾಗಿತ್ತು. ಸಾಬರು ಅಂಗೈಗೆ ಪೌಡರ್ ಸುರಿದುಕೊಂಡು ಉಫ್ ಉಫ್ ಎಂದು ಊದಿದರು. ಕಪ್ಪು ಕಬ್ಬಿಣದ ಮೇಲೆ ಬಿಳಿ ಕೂತಿತು. ಗ್ಯಾರೇಜಿನ ತುಂಬ ಮಲ್ಲಿಗೆಯ ವಾಸನೆ.

ಆಮೇಲೆ ಅವರು ಆಯಿಲ್ ಅಳೆಯುವ ಗೇಜು ಕಡ್ಡಿಯನ್ನು ಹೊರಗೆಳೆದರು. ಒರೆಸಿ ಒಳಗೆ ಹಾಕಿ ಮತ್ತೆ ಎಳೆದರು. ಬೆಳಕಿಗೆ ಹಿಡಿದು ನೋಡಿದರು. ಮತ್ತೆ ಒರೆಸಿದರು. ಮೂರನೆಯ ಸಲ ನೋಡಿದ ಮೇಲೆ ಕಡ್ಡಿಯನ್ನು ಮೆಲ್ಲಗೆ ಸಿಕ್ಕಿಸಿ, “ಸ್ಟಾರ್ಟ್ ಮಾಡಬೋದು,” ಎಂದರು.

ಸರೋಜಮ್ಮನಿಗೆ ಅದರಲ್ಲೇನೂ ವಿಶೇಷ ಕಾಣಲಿಲ್ಲ. ವಯಸ್ಸಾದ ಕಣ್ಣು, ಮೂರು ಸಲ ನೋಡಿದರೆ ತಪ್ಪೇನು?

ಚೌಡಯ್ಯ ಸೀಟಿಗೆ ಹತ್ತಿ ಕೀಲಿ ತಿರುಗಿಸಿದ. ಇಂಜಿನ್ ಕೆಮ್ಮಿ ಎದ್ದಿತು. ಸಾಬರು ಅಡಿಗೆ ಅಗಲವಾದ ತಗಡಿನ ತಟ್ಟೆ ಇಟ್ಟರು. ಗೋಡೆಯ ಗಡಿಯಾರದಲ್ಲಿ ಹತ್ತು ನಿಮಿಷ ಎಂದು ಲೆಕ್ಕ ಹಿಡಿದರು.

ಮೂರನೆಯ ನಿಮಿಷಕ್ಕೆ ಸರೋಜಮ್ಮ ನೋಯುವ ಮಂಡಿಯನ್ನು ಬೈದುಕೊಂಡು ನೆಲಕ್ಕೆ ಕೂತಳು. ಇಂಜಿನ್ನಿನ ಹಿಂಭಾಗಕ್ಕೆ ಟಾರ್ಚು ಬಿಟ್ಟು ನೋಡಿದಳು. ಗೇರ್ ಬಾಕ್ಸ್ ಇಳಿಸಿ ಹಫೀಜ್ ಹೊಸ ಸೀಲ್ ಹಾಕಿದ್ದ ಜಾಗ. ಅಲ್ಲಿ ಪೌಡರ್ ಮದುವೆಮನೆ ಸುಣ್ಣದ ಹಾಗೆ ಬೆಳ್ಳಗೇ ಇತ್ತು. ಒಂದು ತೊಟ್ಟೂ ಇಲ್ಲ.

“ಸಾಬ್ರೇ, ನಿಮ್ಮ ಹುಡುಗನ ಕೆಲಸ ಒಣಗಿದೆ ಕಣ್ರೀ!” ಎಂದಳು. ಅವಳ ದನಿಯಲ್ಲಿ ಸಂತೋಷವಿತ್ತು. ಇಪ್ಪತ್ತಾರರ ಹುಡುಗ, ಲಾಕಪ್ಪಿನ ಮೂಲೆಯಲ್ಲಿ ರಾತ್ರಿಯೆಲ್ಲ ಮುದುರಿ ಕೂತಿದ್ದನ್ನು ಅವಳೇ ನೋಡಿದ್ದಳು.

ಕರೀಮ್ ಸಾಬರು ಹಿಂಭಾಗದ ಕಡೆ ತಿರುಗಲೇ ಇಲ್ಲ. ಅವರ ಕಣ್ಣು ಇಂಜಿನ್ನಿನ ಪಕ್ಕದಲ್ಲಿ ಅಂಟಿಕೊಂಡಿದ್ದ ಡಬ್ಬಿಯಂಥ ಆಯಿಲ್ ಫಿಲ್ಟರ್ ಮೇಲಿತ್ತು. ಫಿಲ್ಟರಿನ ಬುಡದಲ್ಲಿ ಪೌಡರ್ ಕಪ್ಪಾಯಿತು. ಕಪ್ಪು ಉಂಗುರವಾಯಿತು. ಉಂಗುರದಿಂದ ಗೆರೆ ಇಳಿಯಿತು. ನೋಡನೋಡುತ್ತ ಆಯಿಲ್ ಸಣ್ಣ ಧಾರೆಯಾಗಿ ತಟ್ಟೆಗೆ ಬಿತ್ತು.

“ಆಫ್ ಮಾಡ್ರಿ,” ಎಂದರು ಸಾಬರು, ಹತ್ತು ನಿಮಿಷ ತುಂಬಿದ ಮೇಲೆ.

ಇಂಜಿನ್ ನಿಂತಿತು. ಧಾರೆಯೂ ನಿಂತಿತು.

ಫಿಲ್ಟರ್ ಕೈಯಲ್ಲೇ ಬಿಚ್ಚಿಕೊಂಡಿತು. ಅದರ ಬಾಯಿಗೆ ಒಂದು ರಬ್ಬರ್ ರಿಂಗು. ಸಾಬರು ಇಂಜಿನ್ನಿನ ಕಡೆ ಉಗುರು ಹಾಕಿ ಕೆರೆದರು. ಅಲ್ಲಿಂದ ಇನ್ನೊಂದು ರಿಂಗು, ಹಳೆಯದು, ಚಪ್ಪಟೆಯಾಗಿದ್ದು, ಕಿತ್ತು ಬಂತು. ಎರಡನ್ನೂ ಅಂಗೈಯಲ್ಲಿಟ್ಟು ಸರೋಜಮ್ಮನ ಮುಂದೆ ಹಿಡಿದರು.

“ಹಳೇ ಫಿಲ್ಟರ್ ಬಿಚ್ಚುವಾಗ ಅದರ ರಿಂಗು ಇಂಜಿನ್‌ಗೇ ಅಂಟ್ಕೊಂಡು ಉಳಿದೈತೆ. ಅದರ ಮೇಲೆ ಹೊಸಾದು ಕೂತೈತೆ. ಎರಡು ರಬ್ಬರು ಒಂದರ ಮೇಲೊಂದು ನಿಲ್ಲಲ್ಲ ಮೇಡಂ. ಒಂದ್ ದಿನ ನಿಲ್ಲಬೋದು. ಬಿಸಿ ಆದ್ಮೇಲೆ ಜಾರ್ತದೆ.”

“ಹಾಕಿದ್ದು ಯಾರು?”

“ನಾನು.”

ಸೀಟಿನಿಂದ ಇಳಿಯುತ್ತಿದ್ದ ಚೌಡಯ್ಯ ಒಂದು ಕಾಲು ಗಾಳಿಯಲ್ಲೇ ಇಟ್ಟು ನಿಂತ. “ಏಮಿ ಸಾಬ್ರೇ, ನೀವಾ?”

“ಸಿರಾದಲ್ಲಿ ಯಾರನ್ನ ಬೇಕಾದ್ರೂ ಕೇಳಿ. ಗಾಡಿ ಹೊರಗೆ ಹೋಗೋ ಮುಂಚೆ ಕೊನೇ ಕೈ ನಂದು. ಗೇರ್ ಬಾಕ್ಸ್, ಸೀಲು ಎಲ್ಲಾ ಹಫೀಜ್ ಮಾಡ್ದ. ಫಿಲ್ಟರ್ ಹಾಕಿ ಆಯಿಲ್ ತುಂಬಿದ್ದು ನಾನು.” ಅವರು ಎರಡೂ ಕೈ ಬಿಡಿಸಿ ತೋರಿಸಿದರು. “ಹಳೇ ರಿಂಗು ಉಳಿದಿದ್ಯಾ ಅಂತ ಕಣ್ಣಲ್ಲಿ ನೋಡೋ ಅಭ್ಯಾಸ ಇಲ್ಲ ಮೇಡಂ. ಬೆರಳು ಆಡಿಸ್ತೀನಿ. ನಲವತ್ತು ವರ್ಷ ಬೆರಳೇ ಹೇಳ್ತಿತ್ತು. ಶುಗರ್ ಬಂದ್ಮೇಲೆ ತುದಿ ಸತ್ತೋಗಿದೆ. ಬಿಸಿ ಟೀ ಲೋಟ ಹಿಡಿದ್ರೂ ಗೊತ್ತಾಗಲ್ಲ. ಸೋಮವಾರಾನೂ ಬೆರಳು ಆಡಿಸ್ದೆ. ಏನೂ ಇಲ್ಲ ಅಂತು.”

ಸರೋಜಮ್ಮನಿಗೆ ಸಂಕಟವಾಯಿತು. ತಪ್ಪು ಒಪ್ಪಿಕೊಳ್ಳುವ ಕಳ್ಳರನ್ನು ನೋಡಿ ಅಭ್ಯಾಸವಿತ್ತು, ಬೆರಳಿನ ಮೇಲೆ ತಪ್ಪು ಹೊರಿಸಿ ಆ ಬೆರಳನ್ನೇ ಮುಂದೆ ಚಾಚುವ ಮುದುಕರನ್ನಲ್ಲ.

“ಬರ್ಕೊಳ್ಳಿ ಮೇಡಂ. ಎಲ್ಲಿ ಸಹಿ ಹಾಕ್ಲಿ? ನನ್ನ ಕರ್ಕೊಂಡೋಗಿ, ಹಫೀಜ್‌ನ ಬಿಟ್ಬುಡಿ. ಅವನು ನನ್ನ ಉಳಿಸೋಕೆ ಸುಳ್ಳು ಹೇಳವ್ನೆ, ಅಷ್ಟೇ.”

ಅಷ್ಟೇ. ಎಷ್ಟು ಸಲೀಸು! ಮಗ ಅಪ್ಪನ ತಪ್ಪನ್ನು ತನ್ನ ಮೇಲೆ ಎಳೆದುಕೊಂಡ. ಅಪ್ಪ ಈಗ ವಾಪಸು ಎಳೆದುಕೊಂಡ. ಸರೋಜಮ್ಮ ಬ್ಯಾಗಿನಿಂದ ಪಂಚನಾಮೆಯ ಹಾಳೆ ತೆಗೆದಳು. ಇದನ್ನು ಬರೆದುಬಿಟ್ಟರೆ ಐದು ಗಂಟೆ ಬಸ್ಸು ಸಿಗುತ್ತದೆ. ಮನೆಗೆ ಹೋಗಿ ಮಂಡಿಗೆ ಬಿಸಿನೀರು ಹಾಕಿಕೊಂಡು ಮಲಗಬಹುದು. ನಿರ್ಲಕ್ಷ್ಯದ ಕೇಸು, ಜಾಮೀನು ಸಿಗುವ ಕೇಸು, ಮುದುಕನಿಗೆ ಜೈಲೂ ಆಗಲಿಕ್ಕಿಲ್ಲ. ಪೆನ್ನಿನ ಮುಚ್ಚಳ ತೆಗೆದಳು.

“ಆಯ್ತಲ್ಲ, ಹೊಸ ಫಿಲ್ಟ್ರು ಹಾಕ್ಕೊಡಿ, ನಂಗೂ ಊರು ದೂರ,” ಎಂದ ಚೌಡಯ್ಯ.

ಕರೀಮ್ ಸಾಬರು ಆಗಲೇ ಹೊಸ ಫಿಲ್ಟರ್ ತೆಗೆದು ಅದರ ರಿಂಗಿಗೆ ಆಯಿಲ್ ಸವರುತ್ತಿದ್ದರು. ಈ ಸಲ ಕಣ್ಣು ಕಿರಿದು ಮಾಡಿ ಇಂಜಿನ್ನಿನ ಬಾಯನ್ನು ನೋಡಿದರು. ಆಮೇಲೆ ಸರಸರನೆ ತಿರುಗಿಸಿ ಬಿಗಿದರು.

ಆ ಸರಸರವೇ ಸರೋಜಮ್ಮನ ಪೆನ್ನನ್ನು ನಿಲ್ಲಿಸಿತು.

ಈ ಗ್ಯಾರೇಜು ಅವಳಿಗೆ ಹೊಸದಲ್ಲ. ತೀರಿಹೋದ ಗಂಡನ ಹಳೆಯ ಜೀಪು ಇಲ್ಲಿಗೇ ಬರುತ್ತಿತ್ತು. ಇಲ್ಲಿ ಒಂದು ಪದ್ಧತಿ. ಗಾಡಿಯಿಂದ ಇಳಿಸಿದ ಆಯಿಲನ್ನೂ ಅಳೆಯಬೇಕು, ತುಂಬುವ ಆಯಿಲನ್ನೂ ಅಳೆಯಬೇಕು, ಎರಡನ್ನೂ ಗಾಡಿಯವನು ನಿಂತು ನೋಡಬೇಕು. ಹಾಲು ಅಳೆಯುವಂಥ ಅಲ್ಯುಮಿನಿಯಂ ಲೀಟರ್ ಮಾಪು ಗೋಡೆಯ ಮೊಳೆಗೆ ನೇತಾಡುತ್ತಿರುತ್ತದೆ. ಅವಸರದಲ್ಲಿದ್ದ ಗಿರಾಕಿ ‘ಬುಡಿ ಸಾಬ್ರೇ, ನಂಬಿಕೆ ಇದೆ’ ಅಂದರೆ ಬೈಸಿಕೊಳ್ಳುತ್ತಿದ್ದ. ‘ನಂಬಿಕೆ ಮಸೀದೀಲಿ ಇಟ್ಕೊ, ಇಲ್ಲಿ ಅಳತೆ ನೋಡು’ ಎನ್ನುತ್ತಿದ್ದರು ಸಾಬರು.

ಇವತ್ತು ಆ ಮಾಪು ಮೊಳೆಯಲ್ಲೇ ಇತ್ತು.

“ಸಾಬ್ರೇ, ಆಯಿಲ್ ಇಳಿಸಲ್ವಾ?”

“ಯಾಕೆ ಮೇಡಂ? ನಾಲ್ಕು ದಿನದ ಆಯಿಲು. ಚೆನ್ನಾಗೇ ಐತೆ.”

“ಎಷ್ಟು ಉಳಿದಿದೆ ಅಂತ ಅಳೀಬೇಕಲ್ಲ.”

“ಅಳೆದು ಏನ್ ಮಾಡೋದು? ಸೋರಿದ್ದು ಸೋರಿಹೋಯ್ತು. ಲೀಕು ಸಿಕ್ತಲ್ಲ.”

ಸರೋಜಮ್ಮ ಪೆನ್ನಿಗೆ ಮುಚ್ಚಳ ಹಾಕಿದಳು. ಬಸ್ಸು ತಪ್ಪಿತು ಎಂದು ಅವಳಿಗೆ ಆಗಲೇ ಖಾತ್ರಿಯಾಗಿತ್ತು.

“ಚೌಡಯ್ಯನೋರೇ, ಸ್ವಲ್ಪ ಹೊತ್ತು ಬಸ್ ಸ್ಟ್ಯಾಂಡ್ ಕಡೆ ಹೋಗಿ ಟೀ ಕುಡ್ಕೊಂಡು ಬನ್ನಿ.”

“ನಂಗೆ ಟೀ ಬ್ಯಾಡ ಮೇಡಮ್ಮೋರೇ.”

“ಅಂಗಾದ್ರೆ ಬನ್ ತಿಂದ್ಕೊಂಡು ಬನ್ನಿ.”

ಚೌಡಯ್ಯ ಗೊಣಗುತ್ತ ಹೊರಟ. ಅವನು ರಸ್ತೆ ದಾಟುವ ತನಕ ಅವಳು ಕಾದಳು.

“ನೀವು ಗೇಜು ಮೂರು ಸಲ ನೋಡಿದ್ರಿ,” ಎಂದಳು ಆಮೇಲೆ. “ಆಯಿಲ್ ಸೋರಿ ಜೀವ ತೆಗೆದ ಗಾಡಿ. ನನ್ನಂಥ ತಿಳೀದೋಳೂ ಸ್ಟಾರ್ಟ್ ಮಾಡೋ ಮುಂಚೆ ಒಂದೆರಡು ಲೀಟರ್ ಸುರೀತಾಳೆ, ಇಲ್ದಿದ್ರೆ ಇಂಜಿನ್ ಹಿಡ್ಕೊಂಡ್ಬುಡುತ್ತೆ. ನೀವು ಒಂದು ತೊಟ್ಟು ಹಾಕಲಿಲ್ಲ. ಯಾಕೆ?”

ಸಾಬರು ಬಟ್ಟೆ ತೆಗೆದುಕೊಂಡು ಬೆರಳುಗಳನ್ನು ಒಂದೊಂದಾಗಿ ಒರೆಸಿಕೊಂಡರು.

“ಗೇಜಲ್ಲಿ ಏನು ಕಾಣಿಸ್ತು ಸಾಬ್ರೇ?”

“ನನ್ನ ಕಣ್ಣು ಸರಿಯಿಲ್ಲ ಮೇಡಂ.”

“ಬೆರಳು ಸರಿಯಿಲ್ಲ ಅಂದ್ರಿ, ನಂಬಿದೆ. ಕಣ್ಣು ಸರಿಯಾಗೇ ಇದೆ. ಈಗ ತಾನೇ ಫಿಲ್ಟರ್ ಬಾಯಿ ನೋಡಿದ್ರಿ.”

“ಮೇಡಂ,” ಸಾಬರ ದನಿ ಇಳಿಯಿತು. “ನಾನು ತಪ್ಪು ಒಪ್ಕೊಂಡೆ. ಸಹಿ ಹಾಕ್ತೀನಿ ಅಂದೆ. ಅಷ್ಟು ಸಾಲ್ದಾ?”

ಸಾಕು ಎನ್ನಬೇಕೆಂದು ಸರೋಜಮ್ಮನಿಗೆ ಬಹಳ ಅನ್ನಿಸಿತು. ನಿಜವಾಗಿ ಅನ್ನಿಸಿತು. ಆದರೆ ತಿರುವಿನಲ್ಲಿ ಬಿದ್ದಿದ್ದ ಆ ಹೆಣ್ಣುಮಗಳ ಮುಖದ ಮೇಲೆ ಟವೆಲ್ ಹೊದಿಸಿದ್ದು ಅವಳೇ. ಇಪ್ಪತ್ತೆಂಟು ವರ್ಷ. ಅಂದು ಅವಳ ಬ್ಯಾಗಿನಲ್ಲಿದ್ದ ಜಮೀನಿನ ಸರ್ವೇ ಫೈಲು ಇವತ್ತಿನವರೆಗೂ ಸಿಕ್ಕಿರಲಿಲ್ಲ.

“ಸಾಲ್ದು,” ಎಂದಳು. “ಇಳಿಸಿ. ಅಳೀರಿ.”

ಕರೀಮ್ ಸಾಬರು ಬಕೆಟ್ಟು ಎಳೆದುಕೊಂಡು, ಚಾಪೆ ಹಾಸಿ, ಪಿಕಪ್ಪಿನ ಅಡಿಗೆ ನುಸುಳಿದರು. ಪಾನಾ ಕಿರುಗುಟ್ಟಿತು. ಆಯಿಲ್ ಚೇಂಬರಿನ ನಟ್ಟು ಸಡಿಲವಾಗಿ ಕರೀ ಧಾರೆ ಹೆಬ್ಬೆರಳ ದಪ್ಪಕ್ಕೆ ಬಕೆಟ್ಟಿಗೆ ಬಿತ್ತು. ಬಿತ್ತು, ಬಿತ್ತು, ಬೀಳುತ್ತಲೇ ಇತ್ತು.

ಸರೋಜಮ್ಮ ಬಕೆಟ್ಟಿನೊಳಗೆ ಬಗ್ಗಿ ನೋಡಿದಳು. ಖಾಲಿಯಾಗಿರಬೇಕಾದ ಗಾಡಿಯಿಂದ ಇಷ್ಟೊಂದು ಎಲ್ಲಿಂದ?

ಕೊನೆಯ ತೊಟ್ಟು ನಿಂತ ಮೇಲೆ ಅವಳೇ ಎದ್ದು ಮೊಳೆಯಿಂದ ಮಾಪು ತೆಗೆದುಕೊಟ್ಟಳು. ಸಾಬರು ಅದ್ದಿ ಅದ್ದಿ ಇನ್ನೊಂದು ಬಕೆಟ್ಟಿಗೆ ಸುರಿದರು. ಅವರು ಅಳೆಯುವಾಗ ಮೊದಲನೆಯದಕ್ಕೆ ಒಂದು ಎನ್ನುತ್ತಿರಲಿಲ್ಲ, ‘ಬರ್ಕತ್’ ಎನ್ನುತ್ತಿದ್ದರು. ಕಣದಲ್ಲಿ ರಾಗಿ ಅಳೆಯುವವರು ‘ಲಾಭ’ ಎನ್ನುವ ಹಾಗೆ. ಇವತ್ತು ಬಾಯಿ ಬಿಡಲಿಲ್ಲ. ಎಣಿಸಿದವಳು ಸರೋಜಮ್ಮ.

ನಾಲ್ಕು ತುಂಬು ಮಾಪು. ಮೇಲೊಂದು ಅರ್ಧ. ತಗಡಿನ ತಟ್ಟೆಯಲ್ಲಿದ್ದ ಸೋರಿಕೆಯನ್ನೂ ಅಳೆದರೆ ಇನ್ನೊಂದು ಅರ್ಧ.

“ಐದು,” ಎಂದಳು. “ಸೋಮವಾರ ಎಷ್ಟು ತುಂಬಿದ್ರಿ?”

“ಆರು.”

“ಹತ್ತು ನಿಮಿಷಕ್ಕೆ ಅರ್ಧ ಲೀಟರ್ ಸೋರೋ ಗಾಡಿ. ಅದೂ ನಿಂತಲ್ಲೇ. ಹೊಸಕೋಟೆಯಿಂದ ಲೋಡು ಹೊತ್ಕೊಂಡು ಮಧುಗಿರಿಗೆ ಎರಡು ಗಂಟೆ ಓಡಿದೆ.”

“ಬರಿದಾಗಬೇಕಿತ್ತು,” ಎಂದರು ಸಾಬರು, ನೆಲ ನೋಡುತ್ತ. ಮೆಕ್ಯಾನಿಕ್ಕಿನ ಬಾಯಿಗೆ ಸುಳ್ಳು ಬರಲಿಲ್ಲ. “ಮಧುಗಿರಿ ಮುಟ್ಟೋಕೇ ಆಗ್ತಿರ್ಲಿಲ್ಲ.”

“ದಾರೀಲಿ ಯಾರೋ ತುಂಬಿದ್ದಾರೆ.”

ಸಾಬರು ಮಾಪನ್ನು ಬಟ್ಟೆಯಲ್ಲಿ ಒರೆಸತೊಡಗಿದರು.

ಸರೋಜಮ್ಮ ಮೊಬೈಲ್ ತೆಗೆದು ಮಂಗಳವಾರದ ಫೋಟೋ ಹುಡುಕಿದಳು. ತಿರುವಿನ ರಸ್ತೆ, ಅದರ ಮೇಲೆ ಹರಡಿದ ಆಯಿಲ್. ಅವಳೇ ಹೆಜ್ಜೆ ಹಾಕಿ ಅಳೆದಿದ್ದಳು. ಅಗಲ ಮೂರು ಹೆಜ್ಜೆ, ಉದ್ದ ಹದಿನೈದು. ಮೂರು ದಿನದಿಂದ ಈ ಫೋಟೋ ಅವಳ ನಿದ್ದೆ ಕೆಡಿಸಿತ್ತು, ಏಕೆಂದು ಈಗ ತಿಳಿಯಿತು.

“ಇಲ್ನೋಡಿ ಸಾಬ್ರೇ. ಓಡೋ ಗಾಡಿಯಿಂದ ಸೋರಿದ್ರೆ ಗೆರೆ ಬೀಳುತ್ತೆ. ಆ ತಿರುವು ದಾಟೋಕೆ ಅರ್ಧ ನಿಮಿಷ ಸಾಕು. ಅರ್ಧ ನಿಮಿಷಕ್ಕೆ ಈ ಗಾಡಿಯಿಂದ ಬೀಳೋದು ಎರಡು ಚಮಚ. ಇದು ಜಮಖಾನ ಹಾಸ್ದಂಗೆ ಬಿದ್ದಿದೆ. ಡಬ್ಬ ಬಗ್ಗಿಸಿ ಸುರಿದಿದ್ದಾರೆ.” ಅವಳು ಮುದುಕನ ಕೈ ಮುಟ್ಟಿದಳು. “ಯಶೋಧರಾನ ಕೊಂದಿದ್ದು ನಿಮ್ಮ ಬೆರಳಲ್ಲ. ತಿಳೀತಾ? ನಿಮ್ಮ ತಪ್ಪಿಂದ ಗಾಡಿ ಕೆಡ್ತು, ಜೀವ ಹೋಗ್ಲಿಲ್ಲ.”

ಸಮಾಧಾನವಾದೀತು ಎಂದುಕೊಂಡಿದ್ದಳು. ಕರೀಮ್ ಸಾಬರ ಕಣ್ಣಲ್ಲಿ ನೀರು ತುಂಬಿತು.

“ಗೊತ್ತು ಮೇಡಂ,” ಎಂದರು. “ಗೇಜು ನೋಡ್ದಾಗ್ಲೇ ಗೊತ್ತಾಯ್ತು. ನನ್ನ ತಪ್ಪಿಂದ್ಲೇ ಸತ್ತಿದ್ರೆ ಚೆನ್ನಾಗಿತ್ತು.”

ಇಂಥ ಮಾತನ್ನು ಸರೋಜಮ್ಮ ಯಾರ ಬಾಯಲ್ಲೂ ಕೇಳಿರಲಿಲ್ಲ.

“ಕೂತ್ಕೊಳ್ಳಿ,” ಎಂದು ತನ್ನ ಕುರ್ಚಿಯನ್ನೇ ಎಳೆದು ಕೊಟ್ಟಳು. “ಈಗ ಹೇಳಿ.”

ಸಾಬರು ಕೂರಲಿಲ್ಲ. ಕುರ್ಚಿಯ ಬೆನ್ನು ಹಿಡಿದುಕೊಂಡು ನಿಂತೇ ಹೇಳಿದರು.

“ಮಂಗಳವಾರ ಹನ್ನೊಂದು ಗಂಟೆಗೆ ಚೌಡಯ್ಯನೋರ ಡ್ರೈವರ್ ಜಯಣ್ಣ ಫೋನ್ ಮಾಡ್ದ. ಸಾಬ್ರೇ, ಆಯಿಲ್ ಲೈಟ್ ಹತ್ಕೊಂತು, ಆಯಿಲ್ ಸುರೀತಾ ಐತೆ, ಐ.ಡಿ.ಹಳ್ಳಿ ಹತ್ರ ನಿಲ್ಲಿಸಿವ್ನಿ ಅಂದ. ಐದೈದು ಲೀಟರಿನ ಎರಡು ಡಬ್ಬ ಹಫೀಜ್ ಕೈಯಲ್ಲಿ ಕೊಟ್ಟು ಬೈಕಲ್ಲಿ ಕಳಿಸ್ದೆ. ಒಂದು ತುಂಬು, ಇನ್ನೊಂದು ಗಾಡೀಲಿಡು, ಹೆಂಗೋ ಮಧುಗಿರಿ ಮುಟ್ಲಿ, ಆಮೇಲೆ ನೋಡೋಣ ಅಂದಿದ್ದೆ.”

ಜಯಣ್ಣನ ಹೇಳಿಕೆ ಬರೆದುಕೊಂಡವಳು ಸರೋಜಮ್ಮನೇ. ‘ಮಧುಗಿರಿ ಊರು ಸೇರೋ ತನಕ ಆಯಿಲ್ ಸೋರ್ತಿರೋದು ನಂಗೆ ಗೊತ್ತೇ ಇರ್ಲಿಲ್ಲ ಮೇಡಂ’ ಎಂದು ಅವನು ಎರಡು ಸಲ ಹೇಳಿದ್ದ. ಹಫೀಜ್‌ನ ಹೆಸರೇ ಎತ್ತಿರಲಿಲ್ಲ. ಗಾಡಿಯಲ್ಲಿ ಸಿಕ್ಕ ಸಾಮಾನಿನ ಪಟ್ಟಿಯಲ್ಲಿ ಜಾಕು, ಹಗ್ಗ, ನೀರಿನ ಬಾಟಲಿ, ಟಾರ್ಪಾಲು. ಡಬ್ಬ ಒಂದೂ ಇಲ್ಲ.

“ಹಫೀಜ್ ವಾಪಸ್ ಬಂದಿದ್ದು?”

“ನಾಲ್ಕಕ್ಕೆ. ಕೈಯಲ್ಲಿ ಏನೂ ಇಲ್ಲ. ಮುಖ ಸುಣ್ಣ ಆಗಿತ್ತು. ಎರಡನೇ ಡಬ್ಬ ಏನಾಯ್ತು ಬೇಟಾ ಅಂದೆ. ಉತ್ತರ ಇಲ್ಲ. ಊಟ ಮಾಡ್ಲಿಲ್ಲ. ಬುಧವಾರ ಪೇಪರಲ್ಲಿ ಆ ಹೆಣ್ಮಗು ಸುದ್ದಿ ನೋಡಿ ಮತ್ತೆ ಕೇಳ್ದೆ. ಅಬ್ಬಾ, ನೀನು ಯಾರಿಗೂ ಏನೂ ಹೇಳ್ಬೇಡ ಅಂದ. ಮಾರನೇ ದಿನ ಬೆಳಿಗ್ಗೆ ಎದ್ದು ನೋಡಿದ್ರೆ ಪೊಲೀಸ್ ಸ್ಟೇಷನ್‌ಗೆ ಹೋಗ್ಬುಟ್ಟವ್ನೆ.” ಅವರು ಮೂಗು ಒರೆಸಿಕೊಂಡರು. “ಫಿಲ್ಟರ್ ಅವನು ಮುಟ್ಟೇ ಇಲ್ಲ ಮೇಡಂ. ಮಾಡ್ದೇ ಇರೋ ಸಣ್ಣ ತಪ್ಪು ಯಾಕೆ ಒಪ್ಕೊಂಡ? ಅಪ್ಪನ್ನ ಉಳಿಸೋಕೆ ಅಂತ ನಾನೂ ಅಂದ್ಕೊಂಡೆ. ಅಂಗೇ ಅಂದ್ಕೊಳ್ಳೋಣ ಅಂತ ಗೇಜು ಎಳೆಯೋ ತನಕ ಅಲ್ಲಾನ್ನ ಬೇಡ್ಕೊಂಡೆ. ತುಂಬಿದ್ದು ಇಂಜಿನ್ನಲ್ಲೇ ಇತ್ತು, ಅಂದ್ರೆ ರಸ್ತೆಗೆ ಬಿದ್ದಿದ್ದು ಆ ಎರಡನೇ ಡಬ್ಬದ್ದು.”

ಪರದೆಯ ಹಿಂದೆ ಬಳೆ ಸದ್ದಾಯಿತು. ಚಾಂದ್ ಬಿ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು.

ಸಣ್ಣ ತಪ್ಪಿನ ಅಡಿಯಲ್ಲಿ ದೊಡ್ಡದನ್ನು ಮುಚ್ಚಿಡುವುದು ಹೊಸ ಸಂಗತಿಯಲ್ಲ. ನಿರ್ಲಕ್ಷ್ಯ ಅಂದರೆ ಜಾಮೀನು, ಕೊಲೆ ಅಂದರೆ ಜೀವಾವಧಿ ಜೈಲು. ಮುದುಕ ಅಳತೆ ತಪ್ಪಿಸಲು ಹೊರಟದ್ದು ಅದಕ್ಕೇ. ಮಗನನ್ನು ಬಿಡಿಸಬೇಕೆಂದು ತಾನೇ ಹಟ ಹಿಡಿದು ಅಳೆಸಿ, ಅವನ ಕೊರಳಿಗೆ ಇನ್ನೂ ದಪ್ಪ ಹಗ್ಗ ಹೊಸೆದೆನಲ್ಲ ಎಂದು ಸರೋಜಮ್ಮನಿಗೆ ತನ್ನ ಮೇಲೇ ಸಿಟ್ಟು ಬಂತು. ಐದು ಗಂಟೆ ಬಸ್ಸು ಹಿಡಿಯಬಾರದಿತ್ತೇ?

ಆದರೂ ಎರಡನೆಯ ಡಬ್ಬ ಇಬ್ಬರಲ್ಲಿ ಯಾರ ಕೈಯಲ್ಲಿ ಉಳಿಯಿತು? ಸುಳ್ಳು ಹೇಳಿದವನು ಜಯಣ್ಣನೂ ಹೌದು.

“ಹಫೀಜ್ ಬಾಯಿ ಬಿಡಬೇಕು ಸಾಬ್ರೇ. ನನ್ನ ಎದುರಿಗೆ, ನಿಮ್ಮ ಎದುರಿಗೆ. ಅವನು ಸುರಿದಿಲ್ಲ ಅಂದ್ರೆ ಸುರಿದೋನ್ನ ನೋಡಿದ್ದಾನೆ. ಲಾಕಪ್ಪಲ್ಲಿ ಇರೋ ತನಕ ಅವನಿಗೆ ಯಾರ ಭಯವೂ ಇಲ್ಲ, ಧೈರ್ಯವಾಗಿರಿ,” ಎನ್ನುತ್ತ ಅವಳು ಠಾಣೆಗೆ ಫೋನು ಹಚ್ಚಿದಳು. ಕೈಯೆಲ್ಲ ಆಯಿಲ್, ಸ್ಪೀಕರಿಗೆ ಹಾಕಿ ಫೋನನ್ನು ಬಾನೆಟ್ಟಿನ ಅಂಚಿನ ಮೇಲಿಟ್ಟಳು.

ಎತ್ತಿದವನು ರೈಟರ್ ನಾಗಲಿಂಗಯ್ಯ.

“ನಾಗಲಿಂಗಯ್ಯನೋರೇ, ಆ ಹಫೀಜ್‌ನ ಕೋರ್ಟಿಗೆ ಕರ್ಕೊಂಡು ಹೋಗೋದು ಸ್ವಲ್ಪ ತಡೀರಿ. ನಾನು ಬರ್ತಿದ್ದೀನಿ.”

“ಎಲ್ಲಿ ಮೇಡಂ, ಅದೆಲ್ಲಾ ಮುಗ್ದೋಯ್ತಲ್ಲ. ಹನ್ನೊಂದೂವರೆಗೆ ಪ್ರೊಡ್ಯೂಸ್ ಮಾಡುದ್ವಿ, ಬೇಲು ಆಯ್ತು. ಸಾಹೇಬ್ರು ನಿಮಗೆ ಹೇಳ್ಲಿಲ್ವಾ?”

“ಬೇಲಾ? ವಕೀಲರನ್ನ ಇಟ್ಟಿದ್ದು ಯಾರು? ಅವರಪ್ಪ ಇಲ್ಲೇ ನನ್ನ ಮುಂದಿದ್ದಾರೆ.”

“ವಕೀಲ್ರು, ಜಾಮೀನು ಎಲ್ಲಾ ಆ ಡ್ರೈವರ್ ಜಯಣ್ಣನೇ ಮೇಡಂ. ಪಾಪ, ಒಳ್ಳೇ ಮನ್ಸ. ತನ್ನ ಪಹಣಿ ತಂದು ಕೊಟ್ಟು ಸಹಿ ಹಾಕ್ದ. ಹುಡುಗ ಬರಲ್ಲ, ಇಲ್ಲೇ ಇರ್ತೀನಿ ಅಂತ ಮೊಂಡು ಹಿಡಿದ. ಇವನೇ ಹೆಗಲ ಮೇಲೆ ಕೈ ಹಾಕಿ ಸಮಾಧಾನ ಮಾಡಿ, ಬೈಕಲ್ಲಿ ಕೂರಿಸ್ಕೊಂಡು, ಸಿರಾಕ್ಕೆ ಮನೆ ಬಾಗಿಲಿಗೇ ಬಿಟ್ಟು ಬರ್ತೀನಿ ಅಂತ ಕರ್ಕೊಂಡೋದ.”

“ಎಷ್ಟೊತ್ತಿಗೆ?”

“ಹನ್ನೆರಡೂವರೆ ಇರ್ಬೋದು ಮೇಡಂ. ಯಾಕೆ?”

ಸರೋಜಮ್ಮ ಫೋನು ಕಟ್ ಮಾಡಿದಳು. ಪರದೆ ಪೂರ್ತಿ ಸರಿದು, ಚಾಂದ್ ಬಿ ಮೊದಲ ಸಲ ಗ್ಯಾರೇಜಿನೊಳಕ್ಕೆ ಬಂದು ನಿಂತಿದ್ದಳು. ಅವಳು ಕೇಳಿದ್ದು ಪೊಲೀಸಮ್ಮನನ್ನಲ್ಲ, ಗಂಡನನ್ನು.

“ಮಧುಗಿರಿಯಿಂದ ಇಲ್ಲಿಗೆ ಬೈಕಲ್ಲಿ ಎಷ್ಟೊತ್ತು ಆಗ್ತದೆ ಜೀ?”

“ಒಂದು ಗಂಟೆ,” ಎಂದರು ಕರೀಮ್ ಸಾಬರು.

ಗೋಡೆಯ ಗಡಿಯಾರದಲ್ಲಿ ನಾಲ್ಕೂಕಾಲು ಆಗಿತ್ತು.